ಬ್ಯಾಟರಿ ಪುಸ್ತಕದಲ್ಲಿ ನಾನು ಓದದೆ ಬಿಟ್ಟ ಸಾಲು

ಮೊನ್ನೆ ಹೊಸ ಮಿಕ್ಸಿ ಬಂತು. ಡಬ್ಬ ಬಿಚ್ಚಿದಾಗ ಮೊದಲು ಥರ್ಮಾಕೋಲ್ ಕಿರುಗುಟ್ಟುವ ಸದ್ದು, ಅದರ ಹಿಂದೆಯೇ ಒಂದು ವಾಸನೆ. ನುಣುಪು ಕಾಗದವನ್ನು ಅಚ್ಚಿನ ಮಸಿ ಆರುವ ಮೊದಲೇ ಮಡಿಸಿ ಮುಚ್ಚಿಟ್ಟರೆ ಬರುತ್ತದಲ್ಲ, ಅದು. ಮಿಕ್ಸಿಯ ಜೊತೆ ಕೊಡುವ ಪುಟ್ಟ ಪುಸ್ತಕದ್ದು. ನಿಮ್ಮ ಮನೆಯಲ್ಲಿ ಅದು ನೇರ ಹಳೇ ಪೇಪರಿನ ರಾಶಿಗೆ ಹೋಗುತ್ತದೇನೋ. ನಮ್ಮಲ್ಲಿ ಹಾಗಿಲ್ಲ. ಪುಸ್ತಕ ಓದಿಸಿ ಕೇಳದೆ ನಮ್ಮ ಮಾವನವರು ಯಾವ ವಸ್ತುವಿನ ಸ್ವಿಚ್ಚನ್ನೂ ಒತ್ತಗೊಡುವವರಲ್ಲ. ಓದುವವಳು ನಾನು.

ಹಾಸನದ ಕಾನ್ವೆಂಟಿನಲ್ಲಿ ಓದಿ ಹೊಳೆನರಸೀಪುರದ ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಈ ಹುದ್ದೆ ನನ್ನ ಪಾಲಿಗೆ ಬಂತು. ಮೊದಲು ಓದಿದ್ದು ಮದುವೆಗೆ ಉಡುಗೊರೆ ಬಂದ ಕುಕ್ಕರಿನ ಪುಸ್ತಕ. ಮಾವ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು, ನಾನು ಸ್ಟೂಲಿನ ಮೇಲೆ. ನೇರ ಕನ್ನಡದಲ್ಲೇ ಹೇಳಹೊರಟರೆ ತಡೆದರು. "ಇಂಗ್ಲಿಸ್ನಾಗೂ ಓದವ್ವ, ಕಿವಿಗೆ ಚೆಂದಾಗ್ ಕೇಳ್ತದೆ. ಆಮೇಲೆ ಬುಡ್ಸಿ ಏಳು." ಅಂದಿನಿಂದ ಮಾತ್ರೆಯ ಡಬ್ಬದ ಚೀಟಿ, ಬ್ಯಾಂಕಿನ ಪತ್ರ, ಟಿಲ್ಲರಿನ ಪುಸ್ತಕ, ಎಲ್ಲವೂ ಸೀದಾ ನನ್ನ ಕೈಗೆ. ನಮ್ಮ ಯಜಮಾನರಿಗೂ ಇಂಗ್ಲಿಷ್ ಬರುತ್ತದೆ, ಆದರೆ ಅವರು ಓದಿದರೆ ಮಾವನಿಗೆ ನಿದ್ದೆ ಬರುತ್ತದೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು, ಕಾಮಾ ಬಂದರೆ ಉಸಿರು ತಗೊಳ್ಳಬೇಕು, ಫುಲ್‌ಸ್ಟಾಪಿಗೆ ಒಂದು ಎರಡು ಎಣಿಸಬೇಕು ಅಂತ. ಆ ಎರಡು ಎಣಿಸುವಷ್ಟು ಹೊತ್ತು ಇಡೀ ಮನೆ ನನ್ನ ಬಾಯನ್ನೇ ನೋಡುತ್ತಿತ್ತು. ಸುಳ್ಳೇಕೆ ಹೇಳಲಿ, ನನಗದು ಹಿತವಾಗಿತ್ತು. ಅಡುಗೆಮನೆಯ ಹೆಂಗಸಿಗೆ ಸಿಂಹಾಸನ ಅಂತ ಸಿಕ್ಕಿದ್ದು ಆ ಸ್ಟೂಲೊಂದೇ.

ಹೀಗಿರುವಾಗ ಮೈದುನ ಮಂಜುವಿನ ಹೆಂಡತಿಯಾಗಿ ಭಾಗ್ಯ ಬಂದಳು. ನುಗ್ಗೇಹಳ್ಳಿ ಕಡೆಯ ಹುಡುಗಿ, ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಕನ್ನಡ ಮೀಡಿಯಂ, ಬಿ.ಎಸ್ಸಿ., ಬಿ.ಎಡ್. ನಡೆದರೆ ಕಾಲ್ಗೆಜ್ಜೆಗಿಂತ ಮೊದಲು ಅವಳ ಮಾತು ಕೇಳುತ್ತಿತ್ತು. ನನ್ನನ್ನು ಬಾಯಿತುಂಬ ಅಕ್ಕಾ ಅನ್ನುತ್ತಿದ್ದಳು. ನಾನು ಸೊಪ್ಪು ಬಿಡಿಸಲು ಕೂತರೆ ಕರೆಯದೆ ಬಂದು ಎದುರು ಕೂರುತ್ತಿದ್ದಳು. ಅವಳನ್ನು ಕಂಡರಾಗದೆ ಇರುವುದಕ್ಕೆ ಒಂದು ಕಾರಣವೂ ಇರಲಿಲ್ಲ. ಅದನ್ನು ಆಮೇಲೆ ನಾನು ಹುಡುಕಿಕೊಂಡೆ.

ಮದುವೆಯಾದ ಎರಡನೇ ವರ್ಷ ಅವಳಿಗೆ ಹಳೇಕೋಟೆಯಿಂದ ಆಚೆ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ವಿಜ್ಞಾನ ಮತ್ತು ಗಣಿತ. ಅವಳು ಆ ಸುದ್ದಿ ಹೇಳಿದಾಗ ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟಿತ್ತು. ಬಕೆಟ್ ಕೆಳಗಿಡುವುದನ್ನೇ ಮರೆತು ಹೇಳಿದಳು, ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು "ಒಳ್ಳೇದಾಯ್ತು ಬಿಡು" ಅಂದೆ. ಅಂದು ಒಳಗೆ ಹೋಗಿ, ಒಮ್ಮೆ ತೊಳೆದಿಟ್ಟ ಅಕ್ಕಿಯನ್ನು ಮತ್ತೊಮ್ಮೆ ತೊಳೆದೆ.

ತೊಡಕಿದ್ದದ್ದು ಹೋಗಿಬರುವುದರಲ್ಲಿ. ಶಾಲೆಯ ದಾರಿಗೆ ಹೋಗುವ ಒಂದೇ ಬಸ್ಸು ಅಲ್ಲಿ ಮುಟ್ಟುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಪೆಟ್ರೋಲ್ ಸ್ಕೂಟರ್ ತೆಗೆದುಕೊಂಡರೆ ಅವಳ ಸಣ್ಣ ಸಂಬಳದಲ್ಲಿ ದೊಡ್ಡ ಪಾಲು ಬಂಕಿಗೇ ಹೋಗುತ್ತಿತ್ತು. ಮಂಜು ಪೈಪು, ಪಂಪು ಮಾರುವ ಅಂಗಡಿಯವನು, ಲೆಕ್ಕ ಬಲ್ಲವನು. "ಕರೆಂಟ್ ಸ್ಕೂಟ್ರೇ ಸರಿ ಅಪ್ಪಾ. ತಗೊಳೋವಾಗ ಜಾಸ್ತಿ, ಓಡ್ಸೋವಾಗ ಏನೂ ಇಲ್ಲ" ಅಂದ. ಆಗ ಊರಿನಲ್ಲಿ ಅಂಥ ಗಾಡಿ ಒಂದೋ ಎರಡೋ. ಸದ್ದಿಲ್ಲದೆ ಹಿಂದೆ ಬಂದು ನಿಂತರೆ ಜನ ಬೆಚ್ಚಿಬಿದ್ದು ಬೈಯುತ್ತಿದ್ದರು.

ಭಾನುವಾರ ತಿಂಡಿಯಾದ ಮೇಲೆ ಹಜಾರದಲ್ಲಿ ಚರ್ಚೆ ಕೂತಿತು.

"ದನಕ್ಕೆ ಉಲ್ಲಾಕ್ದಂಗೆ ರಾತ್ರಿಯೆಲ್ಲ ಕರೆಂಟ್ ಕುಡುಸ್ಬೇಕಾ ಅದುಕ್ಕೆ?" ಮಾವ ಕೇಳಿದರು.

"ನಾಕ್ ಗಂಟೆ ಸಾಕು ಅಪ್ಪಾ."

"ನಮ್ ಕರೆಂಟು ನಾಕ್ ಗಂಟೆ ಒಂದೇ ಸಮ ಯಾವತ್ಲಾ ಇತ್ತು?"

ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಬ್ಯಾಟರಿ ಹೋದ್ರೆ ಅರ್ಧ ಗಾಡಿ ದುಡ್ಡಂತೆ. ಪೆಟ್ರೋಲ್ ಉಳಿಸಿದ್ದೆಲ್ಲ ಅದಕ್ಕೇ ಹೋಗುತ್ತೆ" ಅಂದರು.

ಭಾಗ್ಯ ಬಾಗಿಲಿಗೆ ಒರಗಿ ನಿಂತಿದ್ದಳು. "ಭಾವ, ಪೆಟ್ರೋಲ್ ರೇಟೇನು ಇಳಿಯುತ್ತಾ?" ಅಂತ ಮೆಲ್ಲಗೆ ಕೇಳಿದಳು. ಅವರು ಪುಟ ತಿರುಗಿಸಿದರು.

ಮಂಜು ಹಾಸನದ ಶೋರೂಮಿನಿಂದ ಗಾಡಿಯ ಪುಸ್ತಕವನ್ನೇ ಕೇಳಿ ತಂದಿದ್ದ, ನಮ್ಮಪ್ಪನಿಗೆ ಓದಿಸದೆ ಆಗುವುದಿಲ್ಲ ಅಂತ. ಮಾವ ಅದನ್ನು ನನ್ನ ಕಡೆ ನೀಡಿದರು. "ತಗಾ ಅವ್ವ. ಬ್ಯಾಟ್ರಿ ವಿಸ್ಯ ಏನ್ ಬರ್ದವ್ರೆ, ಓದೇಳು. ನೀ ಏಳ್ದಂಗೆ ಮಾಡಾನ."

ಸ್ಟೂಲಿನ ಮೇಲೆ ಕೂತೆ. ಮಳೆಯಲ್ಲಿ ಚಾರ್ಜ್ ಮಾಡಬೇಡಿ, ಬಿಸಿಲಲ್ಲಿ ಬಿಡಬೇಡಿ, ಬೇರೆ ಚಾರ್ಜರ್ ಹಾಕಿದರೆ ಬೆಂಕಿಯ ಅಪಾಯ. ಒಂದೊಂದನ್ನೂ ಇಂಗ್ಲಿಷಿನಲ್ಲಿ ಓದಿದೆ, ಕನ್ನಡದಲ್ಲಿ ಬಿಡಿಸಿದೆ. ಬೆಂಕಿ ಅನ್ನುವಲ್ಲಿ ಎರಡರ ಬದಲು ಮೂರು ಎಣಿಸಿದೆ ಅಂತ ಕಾಣುತ್ತದೆ. ಆಮೇಲೆ ಬ್ಯಾಟರಿಯ ಪುಟ. ಬಳಸಿದಂತೆ ಬ್ಯಾಟರಿಯ ಶಕ್ತಿ ಕಡಿಮೆಯಾಗುತ್ತದೆ, ಬದಲಿಸುವ ಖರ್ಚು ಗ್ರಾಹಕರದು. ಓದಿದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಮೂರು ವರ್ಷದ ಒಳಗೆ ಕೆಟ್ಟರೆ ಮಾತ್ರ ಕಂಪನಿಯೇ ಪುಕ್ಕಟೆ ಬದಲಿಸಿ ಕೊಡುತ್ತದೆ ಅಂತ. ಕಣ್ಣು ಅದರ ಮೇಲೆ ಹೋಯಿತು. ಬಾಯಿ ಹೋಗಲಿಲ್ಲ. ಫುಲ್‌ಸ್ಟಾಪಿಗೆ ಒಂದು ಎರಡು ಎಣಿಸಿ ಪುಸ್ತಕ ಮುಚ್ಚಿದೆ.

ಯೋಚಿಸಿ ಮಾಡಿದ್ದಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಕ್ಷಣ ಕಣ್ಣೆತ್ತಿದಾಗ ನಾನು ನೋಡಿದ್ದು ಮಾವನನ್ನಲ್ಲ, ಭಾಗ್ಯಳ ಮುಖವನ್ನು. ಯೋಚಿಸದೆ ಮಾಡಿದವರು ಹಾಗೆ ನೋಡುವುದಿಲ್ಲ.

"ನೋಡ್ಲಾ ಮಂಜ, ಖರ್ಚು ನಮ್ದೇ ಅಂತ ಬರ್ದೇ ಬುಟ್ಟವ್ರೆ" ಅಂದರು ಮಾವ. "ಮುಂದಿನ ವರ್ಸ ನೋಡಾನ. ಅಲ್ಲೀಗಂಟ ಬಸ್ಸಲ್ಲೋಗ್ಲಿ."

ಬಸ್ಸಿನಲ್ಲಿ ಹೋದಳು. ಎರಡು ತಿಂಗಳು. ಕತ್ತಲಿರುವಾಗಲೇ ಎದ್ದು ಮೊದಲ ಬಸ್ಸು ಹಿಡಿದು, ಹಳೇಕೋಟೆಯಲ್ಲಿ ಇಳಿದು, ಅಲ್ಲಿಂದ ಹಾಲಿನ ವ್ಯಾನೋ ಯಾರದೋ ಟ್ರ್ಯಾಕ್ಟರೋ ಸಿಕ್ಕಿದರೆ ಹತ್ತಿ, ಸಿಗದಿದ್ದರೆ ನಡೆದು. ನಡೆದ ದಿನ ಮೊದಲ ಪೀರಿಯಡ್ ತಪ್ಪುತ್ತಿತ್ತು. ಸಂಜೆ ಬಂದಾಗ ಸೀರೆಯ ಅಂಚಿನ ತುಂಬ ಅಂಟುಪುಳ್ಳೆ. ನಾನು ಕಾಫಿ ಕೊಡುತ್ತಿದ್ದೆ. ಅವಳು ಅಂಟುಪುಳ್ಳೆಯನ್ನು ಒಂದೊಂದಾಗಿ ಕಿತ್ತು ಲೋಟದ ತಟ್ಟೆಗೆ ಹಾಕುತ್ತ, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮಸೂರದಿಂದ ಕಾಗದ ಸುಟ್ಟ ಕತೆ ಹೇಳುತ್ತಿದ್ದಳು. ಮಾವ ರೇಡಿಯೋ ಸಣ್ಣ ಮಾಡಿ ಕೇಳುತ್ತಿದ್ದರು. ನಾನು ಓದುವಾಗ ಅವರು ಕಣ್ಣು ಮುಚ್ಚುತ್ತಿದ್ದರು. ಅವಳು ಹೇಳುವಾಗ ತೆರೆದುಕೊಂಡೇ ಇರುತ್ತಿದ್ದರು. ಇದನ್ನೆಲ್ಲ ಗಮನಿಸುವ ಕಣ್ಣನ್ನು ದೇವರು ಕೆಲವರಿಗೆ ಯಾಕೆ ಕೊಡುತ್ತಾನೋ.

ಒಂದು ದಿನ ಕಾಫಿ ಹಾಗೇ ಇಟ್ಟಳು. "ಹೆಡ್‌ಮಾಸ್ಟರು ಹೇಳಿದ್ರು ಅಕ್ಕ. ದಸರಾ ರಜ ಆದ್ಮೇಲೂ ಹೀಗೇ ಲೇಟಾದ್ರೆ ಬೇರೆಯವರನ್ನ ತಗೋಬೇಕಾಗುತ್ತೆ ಅಂತ. ಅವ್ರದೂ ತಪ್ಪಿಲ್ಲ."

ಆ ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ನಾನು ಹುರಳಿಕಾಳು ಆರಿಸುತ್ತಿದ್ದೆ. ಭಾಗ್ಯ ಬಂದು ಎದುರಿಗೆ ಕೂತಳು. ಕೈಯಲ್ಲಿ ಗಾಡಿಯ ಪುಸ್ತಕ. ಅದೇ ಪುಟ ತೆರೆದು, ಸಾಲಿನ ಕೆಳಗೆ ಬೆರಳಿಟ್ಟಳು. ಉಗುರಿನಲ್ಲಿ ಸೀಮೆಸುಣ್ಣದ ಪುಡಿ.

"ಅಕ್ಕಾ, ಇದೊಂದು ಸಾಲು ನಂಗೆ ಸರಿಯಾಗಿ ತಿಳೀತಿಲ್ಲ. ಓದಿ ಹೇಳ್ತೀರಾ?"

ವಿಜ್ಞಾನ ಕಲಿಸುವವಳಿಗೆ ಆ ಸಾಲು ತಿಳಿಯುವುದಿಲ್ಲವೇ. ಓದಿದೆ. ಕನ್ನಡದಲ್ಲಿ ಬಿಡಿಸಿಯೂ ಹೇಳಿದೆ. ದನಿ ಹುರಳಿಯಷ್ಟೇ ಸಣ್ಣಗಿತ್ತು.

"ಅವತ್ತು ಇದನ್ನ ಓದ್ಲಿಲ್ಲ ನೀವು" ಅಂದಳು. ಪ್ರಶ್ನೆಯಾಗಿ ಅಲ್ಲ.

"ಇಲ್ಲ" ಅಂದೆ.

ಯಾಕೆ ಅಂತ ಕೇಳುತ್ತಾಳೆ ಅಂದುಕೊಂಡೆ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಮೊರದಿಂದ ಎರಡು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟು, "ಸಂಜೆ ಮಾವನಿಗೆ ಓದಿ ಹೇಳಿ ಅಕ್ಕ. ನಾನು ಹೇಳಿದ್ರೆ ನಂಬಲ್ಲ ಅವ್ರು, ನೀವೇ ಹೇಳ್ಬೇಕು" ಅಂದಳು.

ಸಂಜೆ ಹೇಳಿದೆ. ಎಲ್ಲರೆದುರು ಹೇಳಿದೆ, ಆದರೆ ಹೇಗೆ ಹೇಳಿದೆ ಕೇಳಿ. "ಮಾವ, ಅವತ್ತು ಈ ಪುಸ್ತಕದಲ್ಲಿ ಎರಡು ಹಾಳೆ ಅಂಟ್ಕೊಂಡಿತ್ತು. ಒಂದು ಸಾಲು ತಪ್ಪಿಹೋಗಿದೆ" ಅಂದೆ. ಸಾಲಿದ್ದದ್ದು ಅದೇ ಹಾಳೆಯಲ್ಲಿ. ಮಂಜು ಪುಸ್ತಕಕ್ಕೆ ಕೈಚಾಚಿದ. ಭಾಗ್ಯ ನಡುವೆ ಬಂದು ಅದನ್ನು ತೆಗೆದುಕೊಂಡು, "ಹೌದು ಮಾವ, ಅಂಟ್ಕೊಂಡಿತ್ತು, ನಾನೇ ಬಿಡಿಸಿದ್ದು" ಅಂದಳು.

ಗಾಡಿ ಬಂತು, ತಿಳಿನೀಲಿಯದು. ಮಾವ ಚಕ್ರದಡಿ ನಿಂಬೆಹಣ್ಣಿಟ್ಟು, ಚಾರ್ಜರಿಗೂ ಕುಂಕುಮ ಹಚ್ಚಿದರು. ಕೆಲಸ ಉಳಿಯಿತು. ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು. ಆಗಲಿಲ್ಲ, ಅದಕ್ಕೆ ಇನ್ನೊಂದು ಸೌದೆ ಸಿಕ್ಕಿತು. ಮೊದಲು ಅವಳು ಹೋಗುವುದನ್ನು ಕಂಡು ಉರಿಯುತ್ತಿದ್ದೆ. ಈಗ ಅವಳ ಒಳ್ಳೆಯತನವನ್ನು ಕಂಡು. ಸಂಜೆ ಗಾಡಿಯ ಮುಂದೆ ತೂಗಿಕೊಂಡು ಬರುತ್ತಿದ್ದ ಎಳೇ ಅವರೆಕಾಯಿ, ರಸ್ತೆಬದಿಯ ಹೊಲದವರು ಅವಳಿಗೇ ಅಂತ ತೆಗೆದಿಟ್ಟದ್ದು. ಕಿವಿಯ ಹಿಂದೆ ಕೂತಿರುತ್ತಿದ್ದ ಕೆಂಪು ಧೂಳು. ಹೆಲ್ಮೆಟ್ಟಿನಡಿ ಚಪ್ಪಟೆಯಾಗುತ್ತದೆಂದು ಸೀಟಿನ ಕೆಳಗಿಟ್ಟು ಒಯ್ದು, ಶಾಲೆಯಲ್ಲಿ ಮುಡಿದುಕೊಳ್ಳುತ್ತಿದ್ದ ಮಲ್ಲಿಗೆ. ಇಷ್ಟರಲ್ಲಿ ನನ್ನದನ್ನು ಕಿತ್ತುಕೊಂಡದ್ದು ಏನೂ ಇರಲಿಲ್ಲ. ಆದರೂ ಒಂದೊಂದನ್ನೂ ನೋಡಿ, ಮೈಯಲ್ಲಿ ಮುಳ್ಳು ಹುಡುಕುವವಳಂತೆ ಮನಸ್ಸಿನಲ್ಲಿ ಸವರಿಕೊಂಡು ಮಲಗುತ್ತಿದ್ದೆ.

ಹೀಗೆ ವರ್ಷಗಳಾದವು. ಈಗ ನಮ್ಮ ಬೀದಿಯಲ್ಲೇ ಅಂಥ ಗಾಡಿಗಳು ಆರೇಳಿವೆ, ಯಾರೂ ಬೆಚ್ಚುವುದಿಲ್ಲ. ಭಾಗ್ಯಳದು ಹಳತಾಯಿತು. ಕಂಪನಿ ಒಪ್ಪಿದ್ದ ಮೂರು ವರ್ಷ ಕಳೆದು, ಇನ್ನೂ ಎರಡಾದ ಮೇಲೆ, ಹೋಗಿಬರುವಷ್ಟಕ್ಕೆ ಒಂದು ಚಾರ್ಜು ಸಾಲದಾಯಿತು. ಕಳೆದ ಭಾನುವಾರ ಮತ್ತೆ ಚರ್ಚೆ ಕೂತಿತು. ಹೊಸ ಬ್ಯಾಟರಿ ಹಾಕಿಸುವುದೋ, ಬಂದಷ್ಟಕ್ಕೆ ಮಾರಿ ಪೆಟ್ರೋಲಿನದಕ್ಕೆ ಹಿಂದಿರುಗುವುದೋ. ನಮ್ಮ ಯಜಮಾನರು "ನಾನವತ್ತೇ ಹೇಳಿದ್ದೆ" ಅಂದರು, ಇಷ್ಟು ವರ್ಷ ಆ ಮಾತನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದವರ ಹಾಗೆ. ಭಾಗ್ಯ ಈ ಸಲ ಒರಗಿ ನಿಂತಿರಲಿಲ್ಲ, ಕುರ್ಚಿಯಲ್ಲೇ ಕೂತಿದ್ದಳು. ಆದರೆ ಮುಖ ಮಾತ್ರ ಅಂದಿನದೇ.

ಮಾವನಿಗೆ ಈಗ ಕಿವಿ ಮಂದ. ನನ್ನ ಕಡೆ ತಿರುಗಿದರು. "ನೀ ಏನಂತೀಯವ್ವ? ಪುಸ್ತ್ಕ ಓದ್ದೋಳು ನೀನು. ನೀ ಏಳ್ದಂಗೆ ಮಾಡಾನ."

ಅದೇ ಮಾತು. ಅಷ್ಟೇ ನಂಬಿಕೆ. ನನಗೆ ಸಾಕಾಗಿಹೋಯಿತು.

"ನನ್ನ ಮಾತಿನ ಮೇಲೆ ಮಾಡಬೇಡಿ ಮಾವ" ಅಂದೆ. ಕಿವಿಗೆ ಕೇಳಲೆಂದು ಗಟ್ಟಿಯಾಗಿ ಹೇಳಬೇಕಾಯಿತು. ಇಂಥದ್ದನ್ನು ಕೂಗಿ ಹೇಳುವುದು ಎಷ್ಟು ಕಷ್ಟ ಅಂತ ಹೇಳಿದವರಿಗೇ ಗೊತ್ತು. "ಅವತ್ತು ಹಾಳೆ ಅಂಟ್ಕೊಂಡಿರ್ಲಿಲ್ಲ. ಕಂಪನಿಯವರೇ ಬದಲಿಸಿ ಕೊಡ್ತಾರೆ ಅನ್ನೋ ಸಾಲು ಕಾಣಿಸ್ತಾ ಇತ್ತು. ನಾನೇ ಓದ್ಲಿಲ್ಲ."

ಮಂಜು ಹೆಂಡತಿಯನ್ನು ನೋಡಿದ. ಅವಳು ಕೈಬಳೆ ತಿರುಗಿಸುತ್ತಿದ್ದಳು.

ಮಾವ ಆರಾಮಕುರ್ಚಿಯಿಂದ ಮುಂದಕ್ಕೆ ಬಾಗಿದರು. ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿ ತಿಳಿಯಬೇಕೆಂದು ಕೇಳುವವರಂತೆ ಕೇಳಿದರು. "ಇಷ್ಟ್ ವರ್ಸುದಲ್ಲಿ ಇನ್ನೇನೇನ್ ಬುಟ್ಟಿದ್ದೀಯವ್ವ?"

ಎಲ್ಲ ಓದಿದ್ದೇನೆ ಅನ್ನಹೊರಟೆ. ಅದೂ ಸುಳ್ಳಾಗುತ್ತಿತ್ತು.

"ಇನ್ನೊಂದು ಬಿಟ್ಟಿದ್ದೆ. ಮದುವೆಯಾದ ವರ್ಷ ಕಾನ್ವೆಂಟಿಂದ ನಂಗೊಂದು ಕಾಗದ ಬಂದಿತ್ತು. ಏನು ಅಂತ ನೀವು ಕೇಳಿದ್ರಿ. ಹಳೇ ವಿದ್ಯಾರ್ಥಿನಿಯರ ಸಭೆಗೆ ಕರೆದಿದಾರೆ ಅಂದೆ. ಸಭೆಗಲ್ಲ. ಟೀಚರಾಗಿ ಬಾ ಅಂತ ಬರೆದಿದ್ರು. ಅದನ್ನ ನಿಮಗೆ ಓದಿ ಹೇಳದೆ ಮಡಿಸಿಟ್ಟೆ."

"ಯಾಕೆ?" ಕೇಳಿದ್ದು ನಮ್ಮ ಯಜಮಾನರು. ಪೇಪರು ಕೆಳಗಿಳಿದಿತ್ತು.

"ನೀವೆಲ್ಲ ಬೇಡ ಅಂದ್ರೆ ಅಂತ ಹೆದರಿಕೆ. ಓದದೆ ಇದ್ರೆ ಬೇಡ ಅನ್ನಿಸ್ಕೊಳೋ ಹಾಗಿಲ್ವಲ್ಲ."

ಮಾವ ಹೆಗಲ ಟವೆಲ್ಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬ್ಯಾಡ ಅಂತಿದ್ನೇನೋ" ಅಂದರು. "ಆಗಿನ್ ಬುದ್ಧಿ ಅಂಗಿತ್ತು. ಅಂದ್ರೂವೆ, ಅನ್ನೋಕ್ ಬುಡ್ಬೇಕಾಗಿತ್ತು ನನ್ನ. ಅಂದಿದ್ರೆ ಒಂದಿನ ಜಗಳಾನಾದ್ರೂ ಆಡ್ತಿದ್ದೆ ನೀನು."

ಬ್ಯಾಟರಿ ಹಾಕಿಸುವುದು ಅಂತ ತೀರ್ಮಾನವಾಯಿತು. ಯಾರ ಮಾತಿನ ಮೇಲೆ ಅಂತ ಹೇಳಲಾರೆ. ಆ ಹೊತ್ತಿಗೆ ಎಲ್ಲರಿಗೂ ಚರ್ಚೆ ಮುಗಿದರೆ ಸಾಕಾಗಿತ್ತು. ಅಂದು ಊಟಕ್ಕೆ ಕೂತಾಗ ನಮ್ಮ ಯಜಮಾನರು ಸಾರಿಗೆ ಉಪ್ಪು ಕಡಿಮೆ ಅನ್ನಲಿಲ್ಲ. ಕಡಿಮೆಯಿತ್ತು.

ಇವತ್ತು ಬೆಳಿಗ್ಗೆ ಹೊಸ ಬ್ಯಾಟರಿಯ ಗಾಡಿಯಲ್ಲಿ ಭಾಗ್ಯ ಹೊರಟಳು. ಗೇಟು ತೆಗೆಯಲು ನಾನು ಹೋದೆ. ಬಿಸಿಲಿಗೆ ಅವಳ ಮೂಗಿನ ತುದಿಯಲ್ಲಿ ಬೆವರಿನ ಒಂದೇ ಒಂದು ಹನಿ. ಅದು ಕೂಡ ಚೆನ್ನಾಗಿತ್ತು.

"ನಿನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೇ" ಅಂದೆ. ಎದುರಿಗೇ ಅಂದದ್ದು ಇದೇ ಮೊದಲು.

ಅವಳು ಹೊರಟಿದ್ದ ಗಾಡಿಯನ್ನು ನಿಲ್ಲಿಸಿ, ಕಾಲೂರಿ, ನನ್ನನ್ನೇ ನೋಡಿದಳು. "ನಂಗೂ ಉರೀತಿತ್ತು ಅಕ್ಕ. ನೀವು ಓದೋವಾಗ ಮನೆಯವರೆಲ್ಲ ಸುಮ್ನೆ ಕೂತು ಕೇಳ್ತಿದ್ರಲ್ಲ, ಅದನ್ನ ನೋಡಿ" ಅಂದಳು. ಆಮೇಲೆ ಗಡಿಯಾರ ನೋಡಿಕೊಂಡು, ತಡವಾಯಿತೆಂದು ಹೊರಟೇಬಿಟ್ಟಳು. ನಾನು ಗೇಟು ಹಾಕುವುದನ್ನು ಮರೆತು ಅಲ್ಲೇ ನಿಂತಿದ್ದೆ. ನಮ್ಮ ಮನೆಯಲ್ಲಿ ನನ್ನನ್ನೂ ನೋಡಿ ಯಾರಾದರೂ ಉರಿದುಕೊಂಡಿರಬಹುದು ಅನ್ನುವುದು ನನಗೆ ಈ ವಯಸ್ಸಿನವರೆಗೂ ಹೊಳೆದೇ ಇರಲಿಲ್ಲ.