ಅಕ್ಕೋರ ಮೇಲೆ ಬರೆದ ಷರಾ

ಅಪ್ಪ ಅಕ್ಕೋರನ್ನು ಹೊಗಳಿದ. ಆ ಹೊಗಳಿಕೆಯೇ ಅವರಿಗೆ ಮುಳುವಾಯಿತು.

ಎಪ್ಪತ್ತರ ದಶಕದ ಕೊನೆ. ಇಳಕಲ್ಲಿನ ಸರಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಏಳನೇ ಕ್ಲಾಸು. ಮಳೆ ಬಂದರೆ ಮೂರು ಕ್ಲಾಸು ಒಂದೇ ಕೋಣೆಯಲ್ಲಿ. ನಮ್ಮಲ್ಲಿ ಮುಕ್ಕಾಲು ಪಾಲು ನೇಕಾರರ ಮಕ್ಕಳು.

ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತಾ ಬಂದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಜೋಡಿಸಬೇಕು. ಸಾವಿರಾರು ಎಳೆ... ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ಎರಡು ದಿನ ಏಳುವ ಹಾಗಿಲ್ಲ.

ಸಣ್ಣ ಬೆರಳೇ ಬೇಕು ಎಂದು ಇದಕ್ಕೆ ಹುಡುಗಿಯರನ್ನು ಕೂರಿಸುತ್ತಿದ್ದರು. ಅಲ್ಲಿಗೆ ಶಾಲೆಗೆ ಚಕ್ಕರ್.

ನನ್ನ ಹಾಜರಿ ಕಡಿಮೆಯಾದಾಗ ಅಕ್ಕೋರು, ಅಂದರೆ ನಮ್ಮ ಟೀಚರ್, ಮನೆಗೇ ಬಂದರು. ಬೈಯಲಿಲ್ಲ. ನನ್ನೆದುರು ಕೂತು, ಎಳೆ ಹೊಸೆಯುವುದನ್ನು ನನ್ನಿಂದಲೇ ಕಲಿತರು.

ಆಮೇಲೆ ಹಾಸು ಜೋಡಿಸುವಾಗೆಲ್ಲ ಶಾಲೆ ಬಿಟ್ಟ ಮೇಲೆ ಬರತೊಡಗಿದರು. ಅವರೊಂದು ಎಳೆ, ನಾನೊಂದು ಎಳೆ, ನಡುವೆ ಗಣಿತ. ಕೆಲಸ ಬೇಗ ಮುಗಿಯುತ್ತಿತ್ತು, ಮರುದಿನ ನಾನು ಕ್ಲಾಸಿನಲ್ಲಿ.

ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಮುಲ್ಕಿಗೆ ಎರಡು ತಿಂಗಳಿರುವಾಗ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಪಾಲಕರನ್ನು ಕರೆಸಿ ಟೀಚರ್ ಹೇಗಿದ್ದಾರೆ ಎಂದು ಕೇಳಿದರು. ಅಪ್ಪ ಎದೆಯುಬ್ಬಿಸಿ ಎದ್ದು ನಿಂತ.

"ಸಾಹೇಬ್ರ, ಅಕ್ಕೋರ ಕೈ ಭಾಳ ಚಲೋ ಐತ್ರಿ. ನಮ್ಮ ಮನ್ಯಾಗ ಕುಂತು ಎಳಿ ಜೋಡಿಸ್ತಾರ್ರಿ."

ನೇಕಾರನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಗೊತ್ತಿರಲಿಲ್ಲ.

ಯಾವ ಹೊತ್ತಿಗೆ, ಯಾಕೆ ಎಂದು ಸಾಹೇಬರು ಕೇಳಲೇ ಇಲ್ಲ. ಶಾಲೆಯ ವೇಳೆಯಲ್ಲಿ ಖಾಸಗಿ ಮಗ್ಗದ ಕೆಲಸ ಮಾಡುತ್ತಾರೆ ಎಂದು ಅಕ್ಕೋರ ಸರ್ವಿಸ್ ಬುಕ್ಕಿನಲ್ಲಿ ಷರಾ ಬರೆದರು. ಅದೇ ಸಂಜೆ ಹೆಂಡತಿಗೊಂದು ಇಳಕಲ್ ಸೀರೆ ಆರಿಸಿಕೊಂಡು ಬಸ್ ಹತ್ತಿದರು. ಅದರ ಎಳೆ ಯಾವ ಹುಡುಗಿ ಜೋಡಿಸಿದ್ದಳೋ, ಆಕೆ ಎಷ್ಟು ದಿನ ಶಾಲೆ ಬಿಟ್ಟಿದ್ದಳೋ...

ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಕ್ಕೋರಿಗೆ ದೂರದ ಕೆರೂರಿನಾಚೆಯ ಒಂದು ಹಳ್ಳಿಗೆ ವರ್ಗವಾಯಿತು. ಹೋಗುವ ಮುಂಚೆ ನಮ್ಮ ಮನೆಗೆ ಬಂದರು. ಅಪ್ಪ ತಲೆ ಎತ್ತಲಿಲ್ಲ. ತನ್ನ ಬಾಯಲ್ಲಿ ಹುಳ ಬೀಳಲಿ ಎಂದು ತನ್ನನ್ನೇ ಶಪಿಸಿಕೊಂಡ.

"ನೀವು ಖರೇನ ಹೇಳೀರಿ," ಅಂದರು ಅಕ್ಕೋರು. "ಪರೀಕ್ಷಾದ ದಿನ ಆಕಿನ್ನ ಮಗ್ಗದ ಮುಂದ ಕುಂಡ್ರಿಸಬ್ಯಾಡ್ರಿ. ಅಷ್ಟ ಸಾಕು."

ಪರೀಕ್ಷೆ ಬಂದಾಗ ಸರಿಯಾಗಿ ನಮ್ಮ ಹಾಸೂ ಮುಗಿಯಬೇಕೇ? ಅಪ್ಪನೇ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತ. ಅವನ ದಪ್ಪ ಬೆರಳಿಗೆ ಎಳೆ ಪಟಪಟ ಹರಿಯುತ್ತಿದ್ದವು. ನನ್ನನ್ನು ಮಾತ್ರ ಕರೆಯಲಿಲ್ಲ.

ಪಾಸಾದೆ. ಮುಂದೆ ನಾನೂ ಟೀಚರ್ ಆದೆ, ಈಚೆಗೆ ರಿಟೈರ್ ಆದೆ. ಬೀಳ್ಕೊಡುಗೆಯಲ್ಲಿ ನನ್ನ ಸರ್ವಿಸ್ ಬುಕ್ಕಿನಲ್ಲಿ ಒಂದೂ ಷರಾ ಇಲ್ಲವೆಂದು ಹೊಗಳಿ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ.

ಯಾಕೆಂದರೆ ನನ್ನ ಕ್ಲಾಸಿನಲ್ಲೂ ವಾರಗಟ್ಟಲೆ ಬಾರದ ಹುಡುಗಿಯರಿದ್ದರು. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ನಾನು ಮುಂದಿನ ಹೆಸರು ಕೂಗುತ್ತಿದ್ದೆ. ಒಬ್ಬಳ ಮನೆಗೂ ಹೋಗಲಿಲ್ಲ.

ಅಕ್ಕೋರ ಹೆಸರಿನ ಮುಂದೆ ಷರಾ ಇದೆ, ನನ್ನ ಹೆಸರಿನ ಮುಂದೆ ಇಲ್ಲ... ನೀವೇ ಹೇಳಿ, ನಮ್ಮಿಬ್ಬರಲ್ಲಿ ಟೀಚರ್ ಯಾರು?