ಅವ್ವನಿಗೆ ಹೇಳಿದ ನಾಳೆ

ನಮ್ಮ ಅವ್ವನಿಗೆ ಮರೆವಿನ ರೋಗ ಬಂದು ಕೆಲವು ವರ್ಷಗಳಾದವು. ರೋಗದ ಮೇಲೆ ನನಗೆ ಸಿಟ್ಟಿಲ್ಲ. ಅದು ಯಾರ ಮನೆಗೂ ಹೇಳಿ ಕೇಳಿ ಬರುವುದಿಲ್ಲ. ನನ್ನ ಸಿಟ್ಟೆಲ್ಲ ‘ನಾಳೆ’ ಎಂಬ ಒಂದು ಮಾತಿನ ಮೇಲೆ, ಅದನ್ನು ನಗುನಗುತ್ತ ಹೇಳುವ ನಮ್ಮವರ ಮೇಲೆ.

ಅವ್ವ ಕರಜಗಿ ಹತ್ತಿರದ ನಮ್ಮೂರಿನಲ್ಲಿ ಅಣ್ಣ, ಅತ್ತಿಗೆಯ ಜೊತೆ ಇದ್ದಾಳೆ. ನನ್ನನ್ನು ಕೊಟ್ಟಿದ್ದು ಆಳಂದಕ್ಕೆ. ಬಿಡುವಾದಾಗ ಬಸ್ಸು ಬದಲಿಸಿಕೊಂಡು ಹೋಗಿ ನೋಡಿ ಬರುತ್ತೇನೆ. ಯಾವಾಗ ಹೋದರೂ ಅವ್ವ ಹೊಸ್ತಿಲ ಒಳಗೆ ಕೂತಿರುತ್ತಾಳೆ, ತೊಡೆಯ ಮೇಲೆ ಬಿಳಿ ಅರಿವೆಯ ಗಂಟು. ಗಂಟಿನಲ್ಲಿ ಒಂದು ಖಾಲಿ ಡಬ್ಬಿ, ಒಂದು ಚೆಂಬು. ಎಳ್ಳಮಾವಾಸ್ಯೆಗೆಂದು ಹೊಲಕ್ಕೆ ಹೊರಟವಳು ಅವಳು. ಹೊರಗೆ ಸುಡುವ ಬೇಸಿಗೆಯಿರಲಿ, ಶ್ರಾವಣದ ಮಳೆಯಿರಲಿ, ಅವಳಿಗೆ ಅವತ್ತು ಎಳ್ಳಮಾವಾಸ್ಯೆ.

ಆ ಹಬ್ಬದ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಸಿಕ್ಕ ಕಾಳು ಸಿಕ್ಕ ಪಲ್ಯೆ ಎಲ್ಲ ಕೂಡಿಸಿ ಕುದಿಸಿದ ಬಜ್ಜಿ, ಎಲ್ಲ ಹೊತ್ತುಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬಸಿರಾದ ಭೂಮಿಗೆ ಮೊದಲು ಉಣಿಸಬೇಕು. ಒಬ್ಬರು ಮುಂದೆ ನಡೆದು ಬೆಳೆಯ ಸುತ್ತ ಆ ಅಡಿಗೆಯ ಚರಗ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಿದರೆ, ಹಿಂದಿನವರು ನೀರು ಚಿಮುಕಿಸುತ್ತ ‘ಚೆಲ್ಲಂಬರಿಗೋ’ ಅನ್ನಬೇಕು. ಅಪ್ಪ ತೀರಿದಾಗ ಅಣ್ಣ ಇನ್ನೂ ಚಿಕ್ಕವ. ಅವತ್ತಿನಿಂದ ಮುಂದೆ ನಡೆದವಳು ಅವ್ವ. ಅಣ್ಣನಿಗೆ ಮೀಸೆ ಬಂದ ಮೇಲೂ ಚರಗದ ಬುಟ್ಟಿಯನ್ನು ಅವಳು ಬಿಟ್ಟುಕೊಡಲಿಲ್ಲ.

ಈಗ ಅವಳು “ಹೊಲಕ್ಕ ಯಾವಾಗ ಹೋಗೂದು?” ಎಂದು ಕೇಳುತ್ತಾಳೆ. “ನಾಳೆ ಹೋಗೂಣ್ರಿ ಅತ್ತಿ” ಎನ್ನುತ್ತಾಳೆ ಅತ್ತಿಗೆ, ಕಸ ಹೊಡೆಯುತ್ತ. “ನಾಳೆ ಬೇ” ಎನ್ನುತ್ತಾನೆ ಅಣ್ಣ, ಮೊಬೈಲು ನೋಡುತ್ತ. ಬಂದ ಬೀಗರೂ ಕಲಿತಿದ್ದಾರೆ. ಅಳುವ ಕೂಸಿನ ಬಾಯಿಗೆ ಬೆಲ್ಲ ಇಟ್ಟ ಹಾಗೆ. “ಹೇಳಿದ್ರ ಸುಮ್ಮನಾಗ್ತಾಳ, ಮರುಗಳಿಗಿಗೆ ಮರೀತಾಳ” ಎಂಬುದು ಅವರ ಜಾಣತನ.

ಸುಡಲಿ ಆ ಜಾಣತನ! ಅವ್ವ ಮಾತು ಮರೆಯುತ್ತಾಳೆ, ನಿಜ. ಆದರೆ ಕಾಯುವುದನ್ನು ಮರೆತಿಲ್ಲ. ಯಾರು ಹೇಳಿದರು, ಏನು ಹೇಳಿದರು ಎಂಬುದೆಲ್ಲ ಜಾರಿ ಹೋಗಿ, ಯಾರೋ ಕರೆಯಲು ಬರುತ್ತಾರೆ ಎಂಬುದಷ್ಟೇ ಮೈಯಲ್ಲಿ ಉಳಿಯುತ್ತದೆ. ನಾನು ಹಿತ್ತಲಿಗೆ ಹೋಗಿ ಎರಡು ಸೀರೆ ಒಣಹಾಕಿ ಬಂದರೆ, “ಎಷ್ಟು ವರ್ಷ ಆತು ನೀ ಬಂದು, ಈಗ ನೆನಪಾತೇನು?” ಎಂದು ಕಣ್ಣು ತುಂಬಿಕೊಳ್ಳುತ್ತಾಳೆ. ಅದೇ ಅವ್ವ, ತಲೆ ಬಾಚಲು ಕೂತರೆ, ಬಿಸಿಲು ಅಂಗಳ ದಾಟಿ ಹೋದರೂ “ಇಷ್ಟ ಲಗೂನ ಮುಗೀತ?” ಎನ್ನುತ್ತಾಳೆ. ಒಬ್ಬಳೇ ಇದ್ದರೆ ಒಂದು ಗಳಿಗೆ ಅವಳಿಗೆ ವರ್ಷ, ಕೈ ಹಿಡಿದವರಿದ್ದರೆ ಇಡೀ ಮಧ್ಯಾಹ್ನ ಒಂದು ಗಳಿಗೆ. ಹೀಗೆ ಬದುಕುವವಳಿಗೆ ದಿನಕ್ಕೆ ಹತ್ತು ಸಲ ನಾಳೆ ಅಂದರೆ, ಎಷ್ಟು ವರ್ಷ ಕಾಯಿಸಿದ ಹಾಗಾಯಿತು? ಇದನ್ನು ಅಣ್ಣನಿಗೆ ಹೇಳಿದೆ. “ನಿನಗೇನು, ಬಂದು ಹೋಗಾಕಿ” ಎಂದ. ಅವನ ಮಾತೂ ಸುಳ್ಳಲ್ಲ, ನೋಡಿಕೊಳ್ಳುವವರು ಅವರೇ. ಹಾಗೆಂದು ನನ್ನ ಸಿಟ್ಟು ಇಳಿಯಲಿಲ್ಲ.

ಹೋದ ಸಲದ ಎಳ್ಳಮಾವಾಸ್ಯೆಗೆ ನಾನು ಆಳಂದದಿಂದ ಹೊರಟು, ಬಸ್ಸು ತಡವಾಗಿ, ಊರೊಳಗೆ ಹೋಗದೆ ನೇರ ಹೊಲಕ್ಕೆ ನಡೆದೆ. ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿತ್ತು. ಅತ್ತಿಗೆಯ ತವರು ಜೇವರ್ಗಿ. ಅಲ್ಲಿಂದ ಜೀಪು ತುಂಬ ಬೀಗರು ಬಂದಿದ್ದರು. ಚರಗ ಚೆಲ್ಲಿ ಮುಗಿದು, ಊಟದ ಎರಡನೇ ಪಂಕ್ತಿ ನಡೆದಿತ್ತು. ಎಲ್ಲರೂ ಇದ್ದರು. ಅವ್ವ ಇರಲಿಲ್ಲ.

“ಅವ್ವ ಎಲ್ಲಿ?”

“ಮನ್ಯಾಗ ಇದ್ದಾಳ” ಎಂದ ಅಣ್ಣ. “ಹೊರಗ ಚಿಲಕ ಹಾಕೇನಿ, ಏನೂ ಆಗೂದಿಲ್ಲ. ಮಂದ್ಯಾಗ ಕರಕೊಂಡು ಬಂದ್ರ ಸಂಭಾಳ್ಸೂದು ಯಾರು? ಆಕಿಗೆ ಇವತ್ತೇನು, ನಾಳೆ ಏನು, ಎಲ್ಲಾ ಒಂದ.”

ವರ್ಷವೆಲ್ಲ ‘ಇವತ್ತಲ್ಲ, ನಾಳೆ’ ಎಂದು ಕೂರಿಸಿ, ಆ ನಾಳೆ ಬಂದ ದಿನ ಚಿಲಕ ಹಾಕಿ ಬಂದಿದ್ದರು! ಜೀಪಿನ ಡ್ರೈವರನನ್ನು ಊಟದಿಂದ ಎಬ್ಬಿಸಿಕೊಂಡು ಮನೆಗೆ ಹೋದೆ. ಚಿಲಕ ತೆಗೆದರೆ, ಬಾಗಿಲಿಗೆ ಆತುಕೊಂಡೇ ಕೂತಿದ್ದಳು, ತೊಡೆಯ ಮೇಲೆ ಗಂಟು. ಹಬ್ಬದ ದಿನ ಹೊಟ್ಟೆಗೆ ಇಷ್ಟು ಅವಲಕ್ಕಿ ಕೊಟ್ಟು ಹೋಗಿದ್ದರು, ಅದನ್ನೂ ಮುಟ್ಟಿರಲಿಲ್ಲ. ಭೂಮಿಗೆ ಉಣಿಸದೆ ಅವಳು ಯಾವಾಗ ಉಂಡಿದ್ದಾಳೆ?

“ಬಂದ್ಯಾ? ಹೊತ್ತಾತು ನಡಿ” ಎಂದಳಷ್ಟೇ.

ಹೊಲಕ್ಕೆ ಬಂದಾಗ ಬೀಗರು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಉಳಿದ ಬಜ್ಜಿ, ರೊಟ್ಟಿ ಕಲಸಿ ಬುಟ್ಟಿಗೆ ಹಾಕಿದೆ. ಅಣ್ಣ ಅಡ್ಡ ಬಂದ.

“ಒಮ್ಮೆ ಚೆಲ್ಲಿದ ಹೊಲಕ್ಕ ಮತ್ತ ಚೆಲ್ತಾರೇನು? ಮಂದಿ ನಗ್ತಾರ.”

“ನಗಲಿ. ಆಕಿಗೆ ಎಲ್ಲಾ ಒಂದ ಅಂದೀ ಅಲ್ಲ, ಭೂಮಿಗೂ ಒಂದ ಅಂತ ತಿಳಕೋ.”

“ಮನಿಗೆ ಹೋಗೂದ್ರೊಳಗ ಮರೀತಾಳ. ನೀರಾಗ ಹೋಮ ಮಾಡಿದಂಗ.”

ಆಗ ತಡೆಯಲಾಗಲಿಲ್ಲ. “ಮೂರು ವರ್ಷದ ಹಿಂದ ಈ ಗಿಡದ ಬುಡಕ್ಕ ನಿನ್ನ ಬಾಜೂಕ ಯಾರು ಕೂತಿದ್ರು? ಎಷ್ಟು ಕಡಬು ತಿಂದಿ? ಹೇಳು. ನೆನಪಿಲ್ಲ? ಹಂಗಾರ ಬರೂ ವರ್ಷ ನೀ ಮನ್ಯಾಗ ಕೂಡು, ನಾ ಬಂದು ಚಿಲಕ ಹಾಕ್ತೇನಿ.”

ಬೀಗರ ಎದುರು ಹಾಗೆ ಅನ್ನಬಾರದಿತ್ತು ಎಂದು ಆಮೇಲೆ ಎಲ್ಲರೂ ಅಂದರು. ಚಿಲಕ ಹಾಕಬಾರದಿತ್ತು ಎಂದು ಮಾತ್ರ ಒಬ್ಬರೂ ಅನ್ನಲಿಲ್ಲ.

ಅವ್ವ ನಮ್ಮ ಜಗಳ ಕೇಳಲು ನಿಂತಿರಲಿಲ್ಲ. ಬುಟ್ಟಿ ತಾನೇ ಎತ್ತಿಕೊಂಡು ಜೋಳದ ಬದುವಿನ ಗುಂಟ ಹೊರಟಿದ್ದಳು. ‘ಹುಲ್ಲುಲ್ಲಿಗೋ’ ಎಂದು ಕೂಗಿದಳು. ದನಿ ಒಡೆದಿತ್ತು, ಆದರೂ ದೊಡ್ಡದಾಗಿತ್ತು. ನಾನು ಅವಳ ಗಂಟಿನಿಂದ ಚೆಂಬು ತೆಗೆದು ನೀರು ತುಂಬಿಕೊಂಡು ಓಡಿದೆ. ‘ಚೆಲ್ಲಂಬರಿಗೋ’ ಎನ್ನುತ್ತ ಹಿಂದೆ ಹಿಂದೆ ನಡೆದೆ. ಹೊಲ ಒಂದು ಸುತ್ತು ಆದ ಮೇಲೆ ಅವ್ವ ಗಿಡದ ಕೆಳಗೆ ಕೂತು, ಕೇಳಿ ಕೇಳಿ ಬಡಿಸಿಕೊಂಡು ಉಂಡಳು.

ತಿರುಗಿ ಬರುವಾಗ ಜೀಪಿನಲ್ಲಿ ಅತ್ತಿಗೆ, ಅಣ್ಣ, ನಾನು, ನಡುವೆ ಅವ್ವ. ಊರು ಬರುವ ಮೊದಲೇ ಅವ್ವ ನನ್ನ ಕಡೆ ತಿರುಗಿದಳು.

“ಹೊಲಕ್ಕ ಯಾವಾಗ ಹೋಗೂದು?”

ಅಣ್ಣ ನನ್ನ ಮುಖ ನೋಡಿ ಸಣ್ಣಗೆ ನಕ್ಕ. ಅತ್ತಿಗೆ ಅಭ್ಯಾಸಬಲದಿಂದ “ನಾ...” ಎಂದು ಶುರು ಮಾಡಿ, ನನ್ನ ಕಣ್ಣು ಕಂಡು ನುಂಗಿಕೊಂಡಳು.

“ಹೋಗಿ ಬಂದೇವಿ ಅವ್ವ. ನೀನ ಮುಂದ ನಡದಿ” ಎಂದು ನಾನು ಅವಳ ಬಲಗೈ ಹಿಡಿದು ಅವಳ ಮುಖದ ಹತ್ತಿರ ತಂದೆ. ಉಗುರಿನ ಸಂದಿಯಲ್ಲಿ ಬಜ್ಜಿ ಇನ್ನೂ ಮೆತ್ತಿಕೊಂಡಿತ್ತು.

ಅವ್ವ ಬೆರಳು ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಸೊಸೆಯನ್ನು ಬಯ್ಯುವ ಹಳೆಯ ದನಿಯಲ್ಲಿ, “ಬಜ್ಜ್ಯಾಗ ಬಳ್ಳೊಳ್ಳಿ ಕಮ್ಮಿ ಬಿದ್ದದ” ಎಂದಳು. ತೊಡೆಯ ಮೇಲಿನ ಗಂಟು ಬಿಚ್ಚಿ, ಆ ಅರಿವೆಗೆ ಕೈ ಒರೆಸಿಕೊಂಡಳು.