ಕಾಕಾ ನಿಂತು ನೋಡಿದ ಹೂಗಳು

ಕಳೆದ ಭಾನುವಾರ ಕಪಾಟು ಖಾಲಿ ಮಾಡುವಾಗ ಕಾಕಾ ಅವರ ಬೆನ್ನುಚೀಲ ಕೈಗೆ ಬಂತು. ಪಕ್ಕದ ಜೇಬಿನ ಜಿಪ್ ಎಳೆದದ್ದೇ ತಡ, ಗುರೆಳ್ಳು ಚಟ್ನಿಪುಡಿಯ ವಾಸನೆ ಘಮ್ಮೆಂದಿತು. ಎರಡು ವರ್ಷವಾಗಿದೆ, ಒಮ್ಮೆ ತೊಳೆದೂ ಆಗಿದೆ, ಆದರೂ ಹೋಗಿಲ್ಲ. ಹುಬ್ಬಳ್ಳಿಯವಳಾದ ನನಗೆ ಆ ವಾಸನೆಗೆ ರೊಟ್ಟಿ, ಮೊಸರು ನೆನಪಾಗಬೇಕು. ಆಗುವುದಿಲ್ಲ. ಒಂದು ಏರುದಾರಿ ನೆನಪಾಗುತ್ತದೆ, ಹಳದಿ ಹೂವಿನ ಮುಂದೆ ಮಂಡಿಯೂರಿದ ಹಿರಿಯರೊಬ್ಬರು ನೆನಪಾಗುತ್ತಾರೆ...

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಧಾರವಾಡದಿಂದ ಬಹಳ ಹಿಂದೆ ಕೆನಡಾಕ್ಕೆ ಬಂದ ಡಾಕ್ಟರು, ರಿಟೈರಾಗಿ ಓಕ್‌ವಿಲ್‌ನಲ್ಲಿದ್ದರು. ಈ ದೇಶಕ್ಕೆ ಬಂದ ಹೊಸತರಲ್ಲಿ ನಾನು ಎರಡು ವರ್ಷ ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮಾಲ್ಟನ್ನಿಗೆ ಮನೆ ಬದಲಾಯಿಸಿದ ಮೇಲೂ ಶನಿವಾರ ಅವರಲ್ಲಿಗೆ ಹೋಗುವುದು ತಪ್ಪಲಿಲ್ಲ. ನಮ್ಮ ಕನ್ನಡದವರ ಯಾವ ಊಟದ ಕೂಟದಲ್ಲೂ ಕಾಕಾ ಕೈ ತೊಳೆದು ಬರುವಷ್ಟರಲ್ಲಿ ನಾಲ್ಕು ಜನ ತೋಳು ಮಡಚಿ, "ಸ್ವಲ್ಪ ಬಿಪಿ ನೋಡ್ರಿ" ಎಂದು ಕಾದಿರುತ್ತಿದ್ದರು. ಅವರ ಬಿಪಿ ಎಷ್ಟು ಎಂದು ಕೇಳಿದ ಒಂದು ನರಪಿಳ್ಳೆಯನ್ನೂ ನಾನು ಕಾಣೆ.

2017ರ ಬೇಸಿಗೆಯಲ್ಲಿ ಅವರು ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಗಳಲ್ಲಿ ಹತ್ತು ದಿನ ನಡೆಯಲು ಹೊರಟರು. ಅದು ಅವರ ಹೆಂಡತಿ, ನಮ್ಮ ಕಾಕು ಅವರ ಬಹುದಿನದ ಆಸೆ. ಜೊತೆಗೆ ನನ್ನನ್ನೂ ಕರೆದರು. ಎಟೋಬಿಕೋಕ್‌ನ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ಏಳು ವರ್ಷ ನಿಂತು ಕಾಲು ಸವೆಸಿದ್ದ ನನಗೆ ಅದೇ ಮೊದಲ ರಜೆ. ಬೇಡ ಅನ್ನಲು ನನಗೇನು ತಲೆ ಕೆಟ್ಟಿತ್ತೇ!

ಮೊದಲ ಮೂರು ದಿನ ಚೆನ್ನಾಗಿಯೇ ಕಳೆದವು. ಮರದ ಮನೆಗಳು, ಹಸುಗಳ ಕೊರಳ ಗಂಟೆ, ಕಣ್ಣು ಹಾಯುವಷ್ಟು ದೂರ ಹೂವಿನ ಹುಲ್ಲುಗಾವಲು. ಮಧ್ಯಾಹ್ನ ಬಂಡೆಯ ಮೇಲೆ ಕೂತು ಕಾಕು ಕಟ್ಟಿ ತಂದಿದ್ದ ಕಡಕ್ ರೊಟ್ಟಿಗೆ ಹಳ್ಳಿಯ ಮೊಸರು, ಚಟ್ನಿಪುಡಿ. ಕಾಕು ಯಾವಾಗಲೂ ಮುಂದೆ, ಸರಸರನೆ. ಕಾಕಾ ಹಿಂದೆ, ಹೂವಿಗೊಮ್ಮೆ ನಿಲ್ಲುವರು, ಬಾಗುವರು, ಫೋನಿನಲ್ಲಿ ಫೋಟೋ ತೆಗೆಯುವರು. "ಇದು ಥೇಟ್ ನಮ್ಮ ಗುರೆಳ್ಳು ಹೂವಾ ನೋಡು" ಎನ್ನುವರು. ಮೇಲಿನಿಂದ ಕಾಕು ಕೂಗುತ್ತಿದ್ದರು: "ಹೇಣ್ತಿಗೆ ನಲವತ್ತ ವರ್ಷದಾಗ ಒಂದ್ ಮೊಳ ಹೂವಾ ತರಲಿಲ್ಲ, ಇಲ್ಲಿ ನೋಡ್ರಿ ಇವರ ಪ್ರೀತಿ!" ನಾನೂ ಬಿದ್ದು ಬಿದ್ದು ನಕ್ಕಿದ್ದೆ. ಆ ನಗು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ನಾಲ್ಕನೆಯ ದಿನ ಏರು ಕಡಿದಾಗಿತ್ತು. ಒಂದು ತಿರುವಿನಲ್ಲಿ ಹಿಂದೆ ನೋಡಿದೆ. ಕಾಕಾ ಹೂವಿನ ಮುಂದೆ ಮಂಡಿಯೂರಿದ್ದರು, ಆದರೆ ಫೋನು ಹುಲ್ಲಿನಲ್ಲಿ ಬಿದ್ದಿತ್ತು. ಅವರ ಕೈಯಲ್ಲೊಂದು ಚಿಕ್ಕ ಬಾಟಲಿ. ಬಾಯಿ ತೆರೆದು ನಾಲಿಗೆಯ ಕೆಳಗೆ ಸ್ಪ್ರೇ ಹೊಡೆದುಕೊಂಡರು. ಎದೆ ಹಿಡಿದಾಗ ಬಳಸುವ ಔಷಧ ಅದು, ನಾನು ಕೌಂಟರಿನಲ್ಲಿ ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಓಡಿ ಹೋದೆ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಹಣೆಯ ಮೇಲೆ ಬೆವರು. ಹೂವೆಲ್ಲ ನೆಪ, ಅವರು ನಿಂತದ್ದು ಉಸಿರಿಗಾಗಿ ಎಂದು ಆಗ ತಿಳಿಯಿತು.

ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಎಷ್ಟು ಹೊತ್ತೋ...

"ಕಾಕೂಗ ಹೇಳಬ್ಯಾಡ ತಂಗಿ," ಎಂದರು. "ಜೀವನಪೂರ್ತಿ ಆಕಿ ನನ್ನ ಡ್ಯೂಟಿ ಮುಗಿಯೂದನ್ನ ಕಾದಾಳ. ಈ ಹತ್ತ ದಿನಾ ಆಕೀದು. ಊರಿಗೆ ಹೋದಕೂಡ್ಲೆ ಟೆಸ್ಟ್ ಮಾಡಸ್ತೀನಿ, ಪ್ರಾಮಿಸ್."

ಹೂಂ ಎಂದುಬಿಟ್ಟೆ. ಡಾಕ್ಟರಿಗೆ ನಾನೇನು ಹೇಳುವುದು, ಗುರುವಿಗೇ ತಿರುಮಂತ್ರವೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲೇ? ಬಾಯಿಬಿಟ್ಟರೆ ಅವತ್ತೇ ಗಂಟುಮೂಟೆ ಕಟ್ಟಬೇಕಿತ್ತು. ಇನ್ನೂ ಆರು ದಿನದ ರಜೆ ಬಾಕಿಯಿತ್ತು, ನನಗೂ ಅದು ಬೇಕಿತ್ತು.

ಊರಿಗೆ ಬಂದ ಮೇಲೆ ಒಮ್ಮೆ ಫೋನಿನಲ್ಲಿ ಕೇಳಿದೆ. "ಅಪಾಯಿಂಟ್‌ಮೆಂಟ್ ತಗೊಂಡೀನವಾ, ಕಾಳಜಿ ಮಾಡಬ್ಯಾಡ" ಎಂದರು. ಯಾವಾಗ ಎಂದು ಕೇಳಲಿಲ್ಲ. ಮತ್ತೆ ಕೇಳಲೂ ಇಲ್ಲ. ನವೆಂಬರಿನಲ್ಲಿ, ಮೊದಲ ಹಿಮ ಬಿದ್ದ ಬೆಳಿಗ್ಗೆ, ಡ್ರೈವ್‌ವೇಯಲ್ಲಿ ಸಲಿಕೆ ಹಿಡಿದವರು ಹಾಗೆಯೇ ಕುಸಿದರು...

ಮರುವರ್ಷದ ವಸಂತದಲ್ಲಿ ಕಾಕು ಕರೆದರು. ಕಾಕಾ ತೆಗೆದ ಹೂವಿನ ಫೋಟೋಗಳನ್ನೆಲ್ಲ ಪ್ರಿಂಟ್ ಮಾಡಿಸಿ ಆಲ್ಬಮ್ ಮಾಡಿದ್ದರು. ಒಂದೊಂದೇ ಪುಟ ತಿರುವಿದೆ. ಸಪಾಟು ದಾರಿಯಲ್ಲಿ ತೆಗೆದ ಒಂದೇ ಒಂದು ಹೂವಿರಲಿಲ್ಲ. ಆ ಏರಿನ ಒಂದೇ ತಿರುವಿನಲ್ಲಿ ಏಳು ಇದ್ದವು. ಆಲ್ಬಮ್ ಮುಚ್ಚಿ ಕಾಕು ಕೈಗೆ ಕೊಟ್ಟೆ.

ಆಮೇಲೆ ಬೆನ್ನುಚೀಲ ತಂದು ನನ್ನ ಮುಂದಿಟ್ಟರು, ನೆನಪಿಗೆ ನೀನೇ ಇಟ್ಟುಕೋ ಎಂದರು. ಅದರ ಪಕ್ಕದಲ್ಲೇ ಆ ಚಿಕ್ಕ ಬಾಟಲಿಯನ್ನೂ ಇಟ್ಟರು.

"ಚಟ್ನಿ ಡಬ್ಬಿ ಕೆಳಗ ಸಿಕ್ತು. ನಿನಗೇನರ ಗೊತ್ತಿತ್ತೇನ ತಂಗಿ?"

"ಇಲ್ಲ ಕಾಕು," ಎಂದೆ. ಅರೆಕ್ಷಣವೂ ತಡವರಿಸಲಿಲ್ಲ.

ಅವರು ಬೈಯುತ್ತಾರೆಂದು ಹೆದರಿ ಹೇಳಿದ ಸುಳ್ಳದು. ಆದರೆ ಬೈಯಲು ಅವರು ಕೇಳಿರಲೇ ಇಲ್ಲ. ಬಾಟಲಿಯನ್ನು ಸೆರಗಿನಲ್ಲಿ ಒರೆಸುತ್ತ ಅಂದರು: "ನಿನ್ನ ಮುಂದರ ಹೇಳಿರಬೇಕು ಅನಕೊಂಡಿದ್ದೆ. ಹೇಳಿದ್ರ ನನಗೊಂದೀಟ ಸಮಾಧಾನ ಆಗ್ತಿತ್ತು. ಅಂದ್ರ ಒಬ್ಬರಽ ಎಲ್ಲಾ ಹೊಟ್ಯಾಗ ಇಟಗೊಂಡು ನಡದ್ರು. ಬಾಜೂಕ ಒಬ್ಬರಿಲ್ಲದಂಗ..."

ಆಗಲಾದರೂ ಹೇಳಬಹುದಿತ್ತು. ಚೀಲ ಎತ್ತಿಕೊಂಡು ಮನೆಗೆ ಬಂದೆ. ಶನಿವಾರದ ಭೇಟಿ ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ. ಕಾಕಾ ಹೋದರು, ಅವರ ಬೆನ್ನಿಗೆ ಕಾಕುವನ್ನೂ ನಾನೇ ಕಳೆದುಕೊಂಡೆ.

ಭಾನುವಾರ ಕಪಾಟಿನ ಮುಂದೆ ನೆಲದ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿದೆ: "ಅವರು ಒಬ್ಬರಽ ಇರಲಿಲ್ಲ ಕಾಕು. ನಾ ಬಾಜೂಕ ಇದ್ದೆ." ಸಲೀಸಾಗಿಯೇ ಬಂತು. ಆ ಧೈರ್ಯದಲ್ಲೇ ಓಕ್‌ವಿಲ್‌ಗೆ ಫೋನ್ ಮಾಡಿದೆ.

"ಯಾರು, ತಂಗೀ? ಎಷ್ಟ್ ದಿನಾ ಆತವಾ! ಆರಾಮಿದ್ದೀಯಿಲ್ಲೋ?"

ಚೀಲದ ಜಿಪ್ ಎಳೆದು ಮುಚ್ಚಿದೆ.

"ಆರಾಮ್ ಕಾಕು," ಎಂದೆ. "ಏನಿಲ್ಲ... ಗುರೆಳ್ಳು ಚಟ್ನಿ ಮುಗದಿತ್ತು, ಅದಕ್ಕ ಫೋನ್ ಮಾಡಿದೆ."